ಕೈ ಕಂಡರೂ ಸಾಕು, ಕಾಲು ಕಂಡರೂ ಸಾಕು

(ಕರಾವಳಿಯ ಹವ್ಯಾಸಿ ರಂಗತಂಡವೊಂದರ ತಿಂಗಳ ಕೂಟದಲ್ಲಿ ಚಿತ್ರಗಳನ್ನು ತೋರಿಸುತ್ತ ಆಡಿದ ಮಾತುಗಳ ಬರಹ ರೂಪ)

ನನ್ನನ್ನು ಇಲ್ಲಿಗೆ ಕರೆದವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಐರ್ಲೆಂಡಿನ ಕಡಲ ಹಕ್ಕಿಗಳ ಚಿತ್ರ ತೋರಿಸಿ. ನಮ್ಮದು ನಾಟಕದವರ ಗುಂಪು, ಅಲ್ಲಿಯ ನಾಟಕದ ವಿಷಯವೂ ಎರಡು ಮಾತು ಬರಲಿ." ಹಕ್ಕಿ ಬಡಿಸಿ ಪಕ್ಕದಲ್ಲಿ ಉಪ್ಪಿನಕಾಯಿಯಂತೆ ನಾಟಕ ಇಡುವುದು ಹೇಗಪ್ಪಾ ಎಂದು ಒಂದು ವಾರ ತಲೆ ಕೆರೆದುಕೊಂಡೆ. 2023ರ ಜೂನ್ ತಿಂಗಳಲ್ಲಿ ಹದಿನೆಂಟು ದಿನ ಆ ತೀರದಲ್ಲಿ ಅಲೆದು ತೆಗೆದ ಆರು ಸಾವಿರ ಚಿಲ್ಲರೆ ಚಿತ್ರಗಳನ್ನು ಮೊದಲಿನಿಂದ ತಿರುವಿ ಹಾಕಿದೆ. ಕೊನೆಗೆ ಇವತ್ತು ತಂದಿರುವುದು ಹನ್ನೆರಡೇ. ಅವುಗಳಲ್ಲಿ ಎರಡು ಮೂರು ಫೋಟೋಗ್ರಫಿಯ ದೃಷ್ಟಿಯಿಂದ ಕೆಟ್ಟ ಚಿತ್ರಗಳು. ಯಾಕೆ ತಂದೆ ಎಂದು ಆಮೇಲೆ ಹೇಳುತ್ತೇನೆ.

ಮೊದಲ ಚಿತ್ರ ಒಂದು ಮನೆ. ಬಿಳಿ ಗೋಡೆ, ಹುಲ್ಲಿನ ಮಾಡು, ತಗ್ಗು ಬಾಗಿಲು. ಊರು ಇನಿಶ್‌ಮಾನ್. ಗಾಲ್ವೇ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಮೂರು ದ್ವೀಪಗಳಿವೆ, ಆ್ಯರನ್ ದ್ವೀಪಗಳು ಎನ್ನುತ್ತಾರೆ. ಇದು ನಡುವಿನದು. ಜನ ಇನ್ನೂರರೊಳಗೆ, ಮನೆಮಾತು ಐರಿಷ್. ನೆಲವೆಂದರೆ ಸುಣ್ಣಕಲ್ಲಿನ ಹಾಸು. ಆ ಹಾಸಿನ ಮೇಲೆ ಮರಳನ್ನೂ ಕಡಲಪಾಚಿಯನ್ನೂ ಬೆನ್ನ ಮೇಲೆ ಹೊತ್ತು ತಂದು ಹರಡಿ, ಮಣ್ಣನ್ನೇ ತಯಾರಿಸಿಕೊಂಡು ಆಲೂಗಡ್ಡೆ ಬೆಳೆದ ಜನ ಅವರು. ಗಾರೆಯಿಲ್ಲದೆ ಒಂದರ ಮೇಲೊಂದು ಕಲ್ಲು ಪೇರಿಸಿದ ಗೋಡೆಗಳು ದ್ವೀಪವನ್ನೆಲ್ಲ ಚಚ್ಚೌಕ ಚಚ್ಚೌಕವಾಗಿ ಕತ್ತರಿಸಿವೆ. ಗೋಡೆಯ ಕಲ್ಲುಗಳ ನಡುವೆ ಆಕಾಶ ಕಾಣುತ್ತದೆ. ಗಾಳಿ ಹಾದುಹೋಗಲಿ ಎಂದೇ ಹಾಗೆ. ಸಂದಿಲ್ಲದ ಗೋಡೆಯನ್ನು ಅಟ್ಲಾಂಟಿಕ್ ಗಾಳಿ ಕೆಡವಿ ಹಾಕುತ್ತದೆ.

ಈ ಮನೆಗೆ 1898ರಲ್ಲಿ ಡಬ್ಲಿನ್ ಕಡೆಯ ಒಬ್ಬ ತರುಣ ಬಂದು ಉಳಿದ. ಜಾನ್ ಮಿಲಿಂಗ್ಟನ್ ಸಿಂಗ್. ಪಂಜಾಬಿನವನಲ್ಲ! ಬಿ.ಎ. ತರಗತಿಯಲ್ಲಿ ಕಾಗುಣಿತ ನೋಡಿ ನಾನು ಸಿಂಜ್ ಎಂದೇ ಓದುತ್ತಿದ್ದೆ, ನಮಗೆ ಪಾಠ ಮಾಡಿದವರೂ ಹಾಗೆಯೇ ಓದುತ್ತಿದ್ದರು. ಅವನ 'ರೈಡರ್ಸ್ ಟು ದ ಸೀ' ನಮಗೆ ಪಠ್ಯವಾಗಿತ್ತು. ಇಲ್ಲಿ ಕುಳಿತಿರುವ ಹಲವರಿಗೂ ಆಗಿರಬೇಕು. ಸಿಂಗ್ 1902ರವರೆಗೆ ಒಟ್ಟು ಐದು ಸಲ ದ್ವೀಪಗಳಿಗೆ ಬಂದು ಹೋದ. 1909ರಲ್ಲಿ, ಮೂವತ್ತೇಳನೆಯ ವಯಸ್ಸಿಗೆ ತೀರಿಕೊಂಡ. ನಾಟಕಕಾರನೆಂದು ಎಲ್ಲರಿಗೂ ಗೊತ್ತು. ಅವನ ಕೈಯಲ್ಲಿ ಗಾಜಿನ ಫಲಕ ಹಾಕುವ ಒಂದು ಕ್ಯಾಮೆರಾ ಇತ್ತು ಎಂಬುದು ನನಗೆ ಅಲ್ಲಿಗೆ ಹೋಗುವ ಮುನ್ನವಷ್ಟೇ ಗೊತ್ತಾಯಿತು. ಅವನು ತೆಗೆದ ಚಿತ್ರಗಳು ಇವತ್ತಿಗೂ ಉಳಿದಿವೆ.

ಒಂದು ವರ್ಷ ತೆಗೆದ ಚಿತ್ರಗಳನ್ನು ಮುಂದಿನ ವರ್ಷ ಆತ ದ್ವೀಪಕ್ಕೆ ಒಯ್ದು ಜನರಿಗೆ ತೋರಿಸಿದ. ಅಡುಗೆಮನೆಯಲ್ಲಿ ಎಲ್ಲರೂ ಸುತ್ತ ನೆರೆದು ನೋಡಿದರು. ಅದರ ಬಗ್ಗೆ ಅವನೇ ಬರೆದಿಟ್ಟಿದ್ದಾನೆ: ಚಿತ್ರದಲ್ಲಿದ್ದ ಪ್ರತಿಯೊಬ್ಬರನ್ನೂ ಅವರು ಗುರುತು ಹಿಡಿದರಂತೆ, ಬರೀ ಒಂದು ಕೈಯೋ ಕಾಲೋ ಕಂಡವರನ್ನೂ ಬಿಡದೆ.

ಈ ಒಂದು ಸಾಲು ನನ್ನನ್ನು ಹಿಡಿದುಕೊಂಡಿತು. ಚೌಕಟ್ಟಿನ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋದ ಕೈ ಫೋಟೋಗ್ರಾಫರನ ಲೆಕ್ಕದಲ್ಲಿ ತಪ್ಪು, ಕಸ. ನಾವು ಅದನ್ನು ಕತ್ತರಿಸಿ ಎಸೆಯುತ್ತೇವೆ. ಆ ಜನ ಅದನ್ನು ನೋಡಿ ಹೆಸರು ಹೇಳುತ್ತಾರೆ.

ಅದೇ ಜನರ ನಡುವೆ ಇನ್ನೊಂದು ಪ್ರಸಂಗ ನಡೆಯಿತು. ದೂರದ ಉತ್ತರದ ಡನಿಗಾಲ್ ತೀರದಲ್ಲಿ ಒಂದು ಹೆಣ ಸಿಕ್ಕಿತೆಂಬ ಸುದ್ದಿ ದ್ವೀಪಕ್ಕೆ ಬಂತು. ಕಾಲಲ್ಲಿ ಒಂದೇ ಪಾಂಪೂಟಿ. ಪಾಂಪೂಟಿ ಎಂದರೆ ಹಸುವಿನ ಹಸಿ ಚರ್ಮವನ್ನು ಕೂದಲು ಹೊರಗಾಗಿಸಿ, ಗಾಳದ ದಾರದಿಂದ ಬಿಗಿದುಕೊಳ್ಳುವ ಪಾದರಕ್ಷೆ. ಒಣಗಿ ಗಟ್ಟಿಯಾಗದಿರಲಿ ಎಂದು ರಾತ್ರಿ ನೀರಿನಲ್ಲಿ ಹಾಕಿಡಬೇಕಿತ್ತಂತೆ. ಗೆರೆಗೆರೆ ಅಂಗಿ, ಜೇಬಿನಲ್ಲಿ ಹಣದ ಚೀಲ, ತಂಬಾಕಿನ ಡಬ್ಬಿ. ಮೂರು ದಿನ ದ್ವೀಪವೆಲ್ಲ ಇದು ಯಾರದಿರಬಹುದು ಎಂಬ ಮಾತು. ಕೊನೆಗೆ ಕಾಣೆಯಾದವನ ತಂಗಿ, ಅಣ್ಣನ ಬಟ್ಟೆ ಯಾವುದಿತ್ತು, ಚೀಲ ಎಲ್ಲಿ ಕೊಂಡಿದ್ದ ಎಂದು ಒಂದೊಂದಾಗಿ ನೆನಪಿಸಿಕೊಂಡು, ಕೂಡಿಸಿ ನೋಡಿ, ಹೌದು ಅವನೇ ಎಂದಳು. ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ ಸಿಂಗ್ ಅದನ್ನು ನಾಟಕ ಮಾಡಿದ. 1904ರ ಫೆಬ್ರವರಿಯಲ್ಲಿ ಡಬ್ಲಿನ್ನಿನ ಒಂದು ಸಭಾಂಗಣದಲ್ಲಿ ಅದು ಮೊದಲ ಸಲ ರಂಗಕ್ಕೆ ಬಂತು. ಆ್ಯಬಿ ರಂಗಮಂದಿರ ಬಾಗಿಲು ತೆರೆದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. (ನಾಟಕದವರಿಗೆ ಒಂದು ಅಡ್ಡಮಾತು: ಅದೇ ಆ್ಯಬಿಯಲ್ಲಿ 1913ರಲ್ಲಿ ರವೀಂದ್ರರ ಅಂಚೆಮನೆಯೂ ಪ್ರದರ್ಶನಗೊಂಡಿತು.)

ನಾಟಕದಲ್ಲಿ ಗುರುತು ಸಿಗುವುದು ಕಾಲುಚೀಲದಿಂದ. ಮೌರ್ಯಾ ಎಂಬ ತಾಯಿಯ ಗಂಡ, ಮಾವ, ಒಬ್ಬೊಬ್ಬರಾಗಿ ಮಕ್ಕಳು, ಎಲ್ಲರೂ ಕಡಲ ಪಾಲಾದವರು. ಒಬ್ಬ ಮಗ ಮೈಕೆಲ್ ಕಾಣೆಯಾಗಿ ದಿನಗಳಾಗಿವೆ. ಡನಿಗಾಲ್‌ನಿಂದ ಬಂದ ಗಂಟನ್ನು ಅಕ್ಕತಂಗಿಯರು ತಾಯಿಗೆ ಕಾಣದಂತೆ ಬಿಚ್ಚುತ್ತಾರೆ. ಅಂಗಿಯ ಬಟ್ಟೆ ಗಾಲ್ವೇಯ ಅಂಗಡಿಗಳಲ್ಲಿ ಹತ್ತು ಜನಕ್ಕೆ ಸಿಗುವಂಥದ್ದು, ಅದರಿಂದ ಏನೂ ಹೇಳಲಾಗದು. ಆಗ ತಂಗಿ ನೋರಾ ಕಾಲುಚೀಲವನ್ನು ಎತ್ತಿಕೊಂಡು ಹೆಣಿಗೆಯ ಕುಣಿಕೆಗಳನ್ನು ಎಣಿಸುತ್ತಾಳೆ. ಅರವತ್ತು ಹಾಕಿದ್ದೆ, ನಾಲ್ಕು ಬಿಟ್ಟಿದ್ದೆ. ಎಣಿಕೆ ಸರಿಹೋಗುತ್ತದೆ. ಅಷ್ಟೆ. ತನ್ನ ಕೈತಪ್ಪಿನಿಂದಲೇ ಅವಳಿಗೆ ಅಣ್ಣ ಸಿಕ್ಕುತ್ತಾನೆ. ನೀವು ಈ ನಾಟಕ ಆಡುವುದಾದರೆ ದಯವಿಟ್ಟು ಆ ಹುಡುಗಿ ನಿಜವಾಗಿ ಎಣಿಸಲಿ. ನಮ್ಮ ಕಾಲೇಜಿನ ಪ್ರದರ್ಶನದಲ್ಲಿ ಕಾಲುಚೀಲ ಕಂಡೊಡನೆ ಎದೆ ಬಡಿದುಕೊಂಡು ಕೂಗಿದ್ದರು.

ಈಗ ಎರಡನೆಯ ಚಿತ್ರ, ಗಾಲ್ವೇ ಪೇಟೆಯ ಒಂದು ಉಣ್ಣೆ ಅಂಗಡಿ. ಕೆನೆಬಣ್ಣದ ದಪ್ಪ ಸ್ವೆಟರ್‌ಗಳು, ಮೇಲೆಲ್ಲ ಹಗ್ಗದಂತೆ ಹೆಣೆದ ವಿನ್ಯಾಸ. ಮೀನುಗಾರರ ಪ್ರತಿಯೊಂದು ಮನೆತನಕ್ಕೂ ಬೇರೆ ಬೇರೆ ಹೆಣಿಗೆ ಇತ್ತು, ಮುಳುಗಿದವನ ಹೆಣ ಬಂದರೆ ಸ್ವೆಟರ್ ನೋಡಿ ಯಾರ ಮನೆಯವನೆಂದು ಹೇಳುತ್ತಿದ್ದರು ಎಂದು ಅಂಗಡಿಯವರು ನನಗೆ ಬಹಳ ಗಂಭೀರವಾಗಿ ಹೇಳಿದರು. ಕೇಳಲು ಚೆನ್ನಾಗಿದೆ, ಆದರೆ ಕಟ್ಟುಕತೆ. ಆ ವಿನ್ಯಾಸದ ಸ್ವೆಟರ್ ಹೆಣೆಯುವುದು ಬಲಗೊಂಡದ್ದೇ ಇಪ್ಪತ್ತನೆಯ ಶತಮಾನದಲ್ಲಿ, ಅದೂ ಮಾರಾಟಕ್ಕೆ. ಕತೆಯ ಬೇರು ಹುಡುಕುತ್ತ ಹೋದವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ನೋರಾಳ ಕಾಲುಚೀಲದ ಹತ್ತಿರ. ದ್ವೀಪದ ಅಡುಗೆಮನೆಯಿಂದ ನಾಟಕಕ್ಕೆ ಹೋದ ಗುರುತು, ನಾಟಕದಿಂದ ಇಳಿದು ಅಂಗಡಿಯ ಬೆಲೆಚೀಟಿಗೆ ಬಂತು. ನಾನೂ ಒಂದು ಕೊಂಡೆ. ಮಂಗಳೂರಿನ ಸೆಕೆಯಲ್ಲಿ ಅದು ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದೆ.

ಹಕ್ಕಿ ಎಲ್ಲಿ ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಇಗೋ, ಮೂರನೆಯದು. ಬಂಡೆಯ ಮೇಲೆ ರೆಕ್ಕೆ ಬಿಡಿಸಿ ನಿಂತ ಕರಿಹಕ್ಕಿ. ಇದು ನಿಮಗೆ ಗೊತ್ತು, ನಮ್ಮ ಕೆರೆಕಟ್ಟೆಗಳಲ್ಲಿ ಹೀಗೆಯೇ ರೆಕ್ಕೆ ಒಣಗಿಸುವ ನೀರುಕಾಗೆಯ ಹತ್ತಿರದ ನೆಂಟ. ಐರಿಷ್‌ನಲ್ಲಿ ಇದಕ್ಕೆ ಕರಿಮುದುಕಿ ಎಂದು ಹೆಸರು. ಸಿಂಗ್‌ನ ನಾಟಕದಲ್ಲಿ ಕಾಲುಚೀಲದ ಎಣಿಕೆ ಸರಿಹೋದ ಮೇಲೆ ನೋರಾಳ ಅಕ್ಕ ಕ್ಯಾಥ್ಲೀನ್ ಹೇಳುವ ಮಾತಿನಲ್ಲಿ ಈ ಹಕ್ಕಿ ಬರುತ್ತದೆ. ಮೈಕೆಲ್ ಉತ್ತರಕ್ಕೆ ತೇಲಿಹೋದನಲ್ಲ, ಕಡಲ ಮೇಲೆ ಹಾರಾಡುವ ಕರಿಮುದುಕಿಯರ ಹೊರತು ಅವನಿಗಾಗಿ ಹಾಡಿ ಅಳುವವರು ಯಾರೂ ಇರಲಿಲ್ಲವಲ್ಲ ಎನ್ನುತ್ತಾಳೆ. ಹೆಣದ ಸುತ್ತ ಕುಳಿತು ಹೆಂಗಸರು ರಾಗವಾಗಿ ಅಳುವ ಪದ್ಧತಿ ಅಲ್ಲಿತ್ತು.

ತರಗತಿಯಲ್ಲಿ ಓದಿದಾಗ ನನಗೆ ಇದು ಏನೋ ಕಾವ್ಯಮಯ ಮಾತು, ಮಾಟಗಾತಿಯರ ಪ್ರಸ್ತಾಪ ಎಂದಷ್ಟೇ ಅನಿಸಿತ್ತು. ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ಸಾಲನ್ನು ಕನ್ನಡಕ್ಕೆ ತರಲು ಕುಳಿತೆ. ಕರಿಮುದುಕಿ ಎಂದರೆ ಹಕ್ಕಿ ಹಾರಿಹೋಗುತ್ತದೆ, ಮುದುಕಿ ಉಳಿಯುತ್ತಾಳೆ. ನೀರುಕಾಗೆ ಎಂದು ಬರೆದು ಕೈ ತಡೆಯಿತು. ಕಾಗೆ! ಪಿಂಡವಿಟ್ಟು ಕಾಗೆಗಾಗಿ ಕಾಯುವ ನಮಗೆ ಆ ಶಬ್ದದಲ್ಲಿ ಸತ್ತವರು ಆಗಲೇ ಇದ್ದಾರೆ. ಇಂಗ್ಲಿಷಿನ ಕಾರ್ಮರಂಟ್ ಎಂಬ ಹೆಸರೂ ಲ್ಯಾಟಿನ್ನಿನ 'ಕಡಲ ಕಾಗೆ'ಯಿಂದ ಬಂದದ್ದು. "ನೀರುಕಾಗೆಗಳ ಹೊರತು ಅವನಿಗೆ ಯಾರಿದ್ದರು" ಎಂದು ಬರೆದು ನೋಡಿ. ಅನುವಾದದಲ್ಲಿ ಮೂಲಕ್ಕಿಂತ ತುಸು ಹೆಚ್ಚೇ ದಕ್ಕುವ ಇಂಥ ಸಂದರ್ಭ ಹತ್ತು ವರ್ಷಕ್ಕೊಮ್ಮೆ ಬರುತ್ತದೆ, ಅದೂ ನನ್ನಂಥ ಅನುವಾದಕನಲ್ಲದವನಿಗೆ.

ಮುಂದಿನದು ಕ್ಲೇರ್ ಜಿಲ್ಲೆಯ ಮೊಹರ್ ಕಡಿಬಂಡೆಗಳು. ಅತಿ ಎತ್ತರದ ಕಡೆ 214 ಮೀಟರ್. ಸಾಲುಸಾಲಾಗಿ ಕಟ್ಟೆಗಳ ಮೇಲೆ ಕುಳಿತ ಗಿಲೆಮಾಟ್ ಎಂಬ ಕಡಲ ಹಕ್ಕಿಗಳು. ನೋಡಿದೊಡನೆ ಗ್ಯಾಲರಿ ತುಂಬಿದ ರಂಗಮಂದಿರ ಎಂದು ಶೀರ್ಷಿಕೆ ಕೊಡಲು ನಾಲಿಗೆ ತುರಿಸಿತು. ಅಲ್ಲಿಗೆ ಹೋದ ಪ್ರತಿಯೊಬ್ಬನೂ ಅದನ್ನೇ ಕೊಟ್ಟಿರುತ್ತಾನೆ, ಬಿಟ್ಟೆ. ಇವು ಗೂಡು ಕಟ್ಟುವುದಿಲ್ಲ. ಬರಿಗಲ್ಲಿನ ಮೇಲೆ ಒಂದೇ ಮೊಟ್ಟೆ. ಒಂದರ ಮೈಗೆ ಒಂದು ತಾಗಿಕೊಂಡು ಕುಳಿತ ಆ ಸಂದಣಿಯಲ್ಲಿ ಯಾರ ಮೊಟ್ಟೆ ಯಾರದು? ಮೊಟ್ಟೆಯ ಬಣ್ಣ, ಅದರ ಮೇಲಿನ ಗೀಚು ಒಂದರಂತೆ ಒಂದಿಲ್ಲ. ತಾಯಿತಂದೆ ಆ ಗೀಚು ನೋಡಿ ತಮ್ಮದನ್ನು ಕಂಡುಹಿಡಿಯುತ್ತವೆ. ಮರಿಯಂತೂ ಮೊಟ್ಟೆಯೊಳಗಿರುವಾಗಲೇ ಹೆತ್ತವರ ದನಿಯನ್ನು ಕಲಿತಿರುತ್ತದೆ. ಮೂರು ವಾರದ ಮರಿ ಇನ್ನೂ ಹಾರಲು ಬಾರದಿರುವಾಗಲೇ ಕಟ್ಟೆಯಿಂದ ಕಡಲಿಗೆ ಧುಮುಕುತ್ತದೆ. ಕೆಳಗೆ ಅಪ್ಪ ಕೂಗುತ್ತಿರುತ್ತದೆ, ಮರಿ ಆ ದನಿಯ ಜಾಡು ಹಿಡಿದು ಈಜುತ್ತದೆ. ನನ್ನ ಚಿತ್ರದಲ್ಲಿ ನಾನೂರು ಹಕ್ಕಿಗಳಿವೆ. ನನಗೆ ನಾನೂರೂ ಒಂದೇ.

ಕೆರ್ರಿ ಜಿಲ್ಲೆಯ ಪೋರ್ಟ್‌ಮಗೀಯಲ್ಲಿ ಎರಡು ದಿನ ಬಂದರಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದೆ. ಆಕಾಶ ತಿಳಿಯಾಗಿದ್ದರೂ ಕಡಲುಬ್ಬರ ಹೆಚ್ಚಿದ್ದರೆ ಸ್ಕೆಲ್ಲಿಗ್‌ಗೆ ದೋಣಿ ಬಿಡುವುದಿಲ್ಲ, ಬಿಟ್ಟರೂ ಅಲ್ಲಿ ಇಳಿಯಲಾಗುವುದಿಲ್ಲ. ಮೂರನೆಯ ದಿನ ಹೊರಟೆವು. ಸ್ಕೆಲ್ಲಿಗ್ ಮೈಕೆಲ್ ತೀರದಿಂದ ಸುಮಾರು 12 ಕಿಲೋಮೀಟರ್ ಆಚೆ ಕಡಲಿನಿಂದ ಎದ್ದ ಮೊನಚು ಬಂಡೆ. ಆರುನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು ಹತ್ತಿದರೆ ಮೇಲೆ ಜೇನುಗೂಡಿನಂತೆ ಗುಂಡಗೆ ಕಟ್ಟಿದ ಕಲ್ಲಿನ ಗುಡಿಸಲುಗಳು. ಸಾವಿರ ವರ್ಷಕ್ಕೂ ಹಿಂದೆ ಕ್ರೈಸ್ತ ಸನ್ಯಾಸಿಗಳು ಗಾರೆಯಿಲ್ಲದೆ ಕಟ್ಟಿದವು, ಇನ್ನೂ ಒಳಗೆ ಸೋರುವುದಿಲ್ಲ. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೆಟ್ಟಿಲ ಬದಿಯಲ್ಲೆಲ್ಲ ಪಫಿನ್ ಎಂಬ ಕಡಲ ಹಕ್ಕಿಗಳು, ಕಾಲಿಗೆ ತೊಡರುವಷ್ಟು ಹತ್ತಿರ. ಒಂದು ಪ್ರಸಿದ್ಧ ಅಂತರಿಕ್ಷ ಸಿನಿಮಾ ಸರಣಿಯ ಚಿತ್ರೀಕರಣಕ್ಕೆ ಬಂದವರು ಪಫಿನ್‌ಗಳನ್ನು ಚೌಕಟ್ಟಿನಿಂದ ಹೊರಗಿಡಲಾರದೆ, ಕೊನೆಗೆ ಅವುಗಳ ಆಕಾರದ್ದೇ ಹೊಸ ಪ್ರಾಣಿಯೊಂದನ್ನು ಕತೆಗೆ ಸೇರಿಸಿಕೊಂಡರು. ಬಾಯ್ತುಂಬ ಮೀನು ಅಡ್ಡಲಾಗಿ ಕಚ್ಚಿಕೊಂಡ ಪಫಿನ್ ಚಿತ್ರ ಜಗತ್ತಿನಲ್ಲಿ ಬೇಕಾದಷ್ಟು ಇದೆ. ನನ್ನ ಹತ್ತಿರವೂ ನೂರೆಂಬತ್ತು ಇವೆ. ತೋರಿಸುವುದಿಲ್ಲ.

ಅದರ ಬದಲು ಈ ಗೋಡೆ ನೋಡಿ. ಬರೀ ಗೋಡೆ, ಕಲ್ಲು, ಹೂವಿನಂತೆ ಹರಡಿದ ಹಾವಸೆ. ಇದು ಹಕ್ಕಿಯ ಚಿತ್ರ. ಸನ್ಯಾಸಿಗಳು ಪೇರಿಸಿದ ಕಲ್ಲುಗಳ ಸಂದಿನಲ್ಲಿ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟಾಣಿ ಕಡಲ ಹಕ್ಕಿ ಮೊಟ್ಟೆಯಿಡುತ್ತದೆ. ಗುಬ್ಬಚ್ಚಿಯಷ್ಟು, ಇಪ್ಪತ್ತೈದು ಗ್ರಾಂ ಆಸುಪಾಸು. ಹಗಲೆಲ್ಲ ಒಂದು ಒಳಗೆ ಕಾವು ಕೂರುತ್ತದೆ, ಇನ್ನೊಂದು ನಡುಗಡಲಿನಲ್ಲಿ. ಕಡಲಕಾಗೆಗಳ (ನೀರುಕಾಗೆಯಲ್ಲ, ಇಂಗ್ಲಿಷಿನ ಗಲ್) ಕಣ್ಣು ತಪ್ಪಿಸಿ ಕತ್ತಲಾದ ಮೇಲೆ ಬರುತ್ತದೆ. ಪ್ರವಾಸಿಗಳು ಮಧ್ಯಾಹ್ನವೇ ಇಳಿದು ಹೋಗಬೇಕು, ಹಾಗಾಗಿ ನಮ್ಮಂಥವರಿಗೆ ಕಾಣುವುದಿಲ್ಲ. ಪರಂಪರೆಯ ಗೋಡೆ ದುರಸ್ತಿ ಮಾಡುವವರು ಕಲ್ಲು ಅಲುಗಿಸುವ ಮುನ್ನ ಹಕ್ಕಿಯ ಬಾಣಂತನದ ಲೆಕ್ಕ ಹಾಕಬೇಕು. ನನ್ನ ಮಟ್ಟಿಗೆ ಈ ಪ್ರವಾಸದ ಒಳ್ಳೆಯ ಹಕ್ಕಿಚಿತ್ರ ಇದೇ. ಹೆಂಡತಿ ಒಪ್ಪುವುದಿಲ್ಲ.

ಪಕ್ಕದ ಪುಟ್ಟ ಸ್ಕೆಲ್ಲಿಗ್ ಬಂಡೆ ದೂರದಿಂದ ಹಿಮ ಬಿದ್ದಂತೆ ಬೆಳ್ಳಗೆ ಕಾಣುತ್ತದೆ. ಹಿಮವಲ್ಲ, ಗ್ಯಾನೆಟ್ ಹಕ್ಕಿಗಳು ಮತ್ತು ಅವುಗಳ ಹಿಕ್ಕೆ. ಸುಮಾರು 35,000 ಜೋಡಿ ಎಂದು ಎಣಿಸಿದ್ದಾರೆ. ಅಲ್ಲಿ ಇಳಿಯುವಂತಿಲ್ಲ, ದೋಣಿ ಸುತ್ತು ಹಾಕುತ್ತದೆ. ರೆಕ್ಕೆ ಬಿಚ್ಚಿದರೆ ಆರಡಿಯ ಹತ್ತಿರ ಬರುವ ಹಕ್ಕಿ ಮೂವತ್ತು ಮೀಟರ್ ಎತ್ತರದಿಂದ ಬಾಣದಂತೆ ನೀರಿಗೆ ಬೀಳುತ್ತದೆ, ಗಂಟೆಗೆ ನೂರು ಕಿಲೋಮೀಟರಿನ ವೇಗದಲ್ಲಿ. ಕೊಕ್ಕಿನ ಮೇಲೆ ಮೂಗಿನ ತೂತೇ ಇಲ್ಲ. ಮುಖ, ಎದೆಯ ಚರ್ಮದಡಿ ಗಾಳಿಚೀಲಗಳಿದ್ದು ಪೆಟ್ಟು ತಡೆಯುತ್ತವೆ. ಷಟರ್ ವೇಗ ಸೆಕೆಂಡಿನ ಎರಡು ಸಾವಿರದ ಒಂದಂಶಕ್ಕೆ ಇಟ್ಟೂ, ದೋಣಿಯ ಕುಲುಕಾಟದಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ನೀರಿನ ಚಿಮ್ಮು, ಆಗಷ್ಟೇ ಖಾಲಿಯಾದ ಆಕಾಶ.

ಆದರೆ ಈ ಚಿತ್ರದ ಕಣ್ಣು ನೋಡಿ. ದೊಡ್ಡದು ಮಾಡುತ್ತೇನೆ. ಗ್ಯಾನೆಟ್ ಕಣ್ಣು ತಿಳಿನೀಲಿ, ಸುತ್ತ ಕಡುನೀಲಿ ಬಳೆ. 2022ರಲ್ಲಿ ಹಕ್ಕಿಜ್ವರ ಈ ಹಕ್ಕಿಗಳಿಗೆ ತಗುಲಿ ಅಟ್ಲಾಂಟಿಕ್ ಎರಡೂ ದಡದಲ್ಲಿ ಸಾವಿರಾರು ಸತ್ತವು. ಸ್ಕಾಟ್ಲೆಂಡಿನ ಬಾಸ್ ರಾಕ್‌ನಲ್ಲಿ ಬದುಕುಳಿದ ಕೆಲವಕ್ಕೆ ಕಣ್ಣು ಕಪ್ಪಾದದ್ದನ್ನು ಸಂಶೋಧಕರು ಕಂಡರು. ರೋಗ ಬಂದು ಹೋದದ್ದರ ಗುರುತು. ಮನೆಗೆ ಬಂದ ಮೇಲೆ ಇದನ್ನು ಓದಿ, ನನ್ನ ಗ್ಯಾನೆಟ್ ಚಿತ್ರಗಳನ್ನೆಲ್ಲ ಕಣ್ಣಿಗೆ ಕಣ್ಣಿಟ್ಟು ನೋಡಿದೆ. ಎರಡು ರಾತ್ರಿ ಹಿಡಿಯಿತು. ಈ ಒಂದರ ಎಡಗಣ್ಣು ಕಪ್ಪಾಗಿದೆ ಎಂದು ನನಗೆ ಅನಿಸುತ್ತದೆ. ನೆರಳೂ ಇರಬಹುದು. ಆದರೆ ಆ ರಾತ್ರಿ ಮೊದಲ ಸಲ, ಸಾವಿರಗಟ್ಟಲೆ ಹಕ್ಕಿಗಳಲ್ಲಿ ಒಂದು ನನಗೆ ಬೇರೆಯಾಗಿ ಕಂಡಿತು.

ಈಗ ನನ್ನ ಮೋಸ. ಆಗ್ನೇಯ ತೀರದಲ್ಲಿ ಗ್ರೇಟ್ ಸಾಲ್ಟೀ ಎಂಬ ಖಾಸಗಿ ದ್ವೀಪವಿದೆ. 1943ರಲ್ಲಿ ಅದನ್ನು ಕೊಂಡ ಮೈಕೆಲ್ ನೀಲ್ ತನ್ನನ್ನು ತಾನೇ ರಾಜಕುಮಾರನೆಂದು ಸಾರಿಕೊಂಡು ಕಲ್ಲಿನ ಸಿಂಹಾಸನವನ್ನೂ ಹಾಕಿಸಿದ. ಇವತ್ತಿಗೂ ಇದೆ, ನಿಮ್ಮ ರಂಗಸಜ್ಜಿಕೆಯವರು ನೋಡಬೇಕು. ಅಲ್ಲಿ ಗ್ಯಾನೆಟ್‌ಗಳ ತೀರ ಹತ್ತಿರ ಕೂರಬಹುದು. ತಾಯಿ, ಮರಿ, ಗೂಡು ಇರುವ ಈ ಚಿತ್ರ ಒಂದು ಪ್ರದರ್ಶನದಲ್ಲಿತ್ತು, ಎಲ್ಲರೂ ಮೆಚ್ಚಿದರು. ಈಗ ಅದರ ಮೂಲ ನೋಡಿ. ಗೂಡಿನ ತುಂಬ ನೀಲಿ, ಕಿತ್ತಳೆ ನೈಲಾನ್ ಎಳೆಗಳು. ಮೀನುಬಲೆಯ ಚೂರು. ಪಾಚಿಯೆಂದು ತಿಳಿದು ಕಡಲಿಂದ ಆರಿಸಿ ತಂದು ಗೂಡಿಗೆ ಹಾಕುತ್ತವೆ, ಕೆಲವು ಮರಿಗಳ ಕಾಲಿಗೆ ಸುತ್ತಿಕೊಂಡು ಸಾಯುತ್ತವೆ. ನಾನು ಕಂಪ್ಯೂಟರಿನಲ್ಲಿ ಒಂದೊಂದೇ ಎಳೆ ಅಳಿಸಿ ಹುಲ್ಲು ಮಾಡಿದ್ದೆ. ಅಂದವಾಗಿ ಅಳಿಸಿದ್ದೇನೆ ಎಂಬ ಹೆಮ್ಮೆಯೂ ಇತ್ತು.

ಸಿಂಗ್‌ಗೂ ಇಂಥದೊಂದು ಆಸೆ ಇತ್ತು. ಅವನಿಗೆ ಐರಿಷ್ ಕಲಿಸುತ್ತಿದ್ದ ಹುಡುಗ ತನ್ನ ಫೋಟೋ ತೆಗೆಯಲು ಹೇಳಿದ. ಗಾಲ್ವೇಯಿಂದ ತರಿಸಿದ ಭಾನುವಾರದ ಬಟ್ಟೆ ಹಾಕಿಕೊಳ್ಳುತ್ತೇನೆ ಎಂದ. ಸಿಂಗ್‌ಗೆ ದ್ವೀಪದಲ್ಲೇ ನೇಯ್ದ ಉಣ್ಣೆಬಟ್ಟೆ ಬೇಕು, ಅದೇ ನಿನಗೆ ಒಪ್ಪುತ್ತದೆ ಎಂದ. ಇಬ್ಬರಿಗೂ ಜಗಳ ಆಗುವುದೊಂದು ಬಾಕಿ. ಆ ಬಟ್ಟೆ ತನ್ನನ್ನು ದ್ವೀಪದ ಹಿಂದುಳಿದ ಬಾಳಿಗೆ ಕಟ್ಟಿಹಾಕುತ್ತದೆ ಎಂದು ಹುಡುಗನಿಗೆ ಅದು ಇಷ್ಟವಿರಲಿಲ್ಲ. ಸಿಂಗ್ ಇದನ್ನೂ ಮುಚ್ಚಿಡದೆ ಬರೆದಿದ್ದಾನೆ, ಅದು ಅವನ ದೊಡ್ಡತನ. ಮುಂದೆ 1907ರಲ್ಲಿ ಅವನ ಇನ್ನೊಂದು ನಾಟಕ, ಅಪ್ಪನನ್ನು ಕೊಂದೆನೆಂದು ಹೇಳಿಕೊಂಡು ಊರಿನ ನಾಯಕನಾಗುವ ಹುಡುಗನ ಕತೆ, ಆ್ಯಬಿಯಲ್ಲಿ ಗಲಭೆಯೆಬ್ಬಿಸಿತು. ಪೊಲೀಸರನ್ನು ಕರೆಸಬೇಕಾಯಿತು. ಒಳಲಂಗದ ಹೆಸರೆತ್ತಿದ ಒಂದು ಮಾತು ನೆಪ. ಪ್ರೇಕ್ಷಕರ ಕೂಗಿನ ಒಟ್ಟು ಅರ್ಥ, ಇದು ನಾವಲ್ಲ! 1934ರ 'ಮ್ಯಾನ್ ಆಫ್ ಆ್ಯರನ್' ಚಿತ್ರದಲ್ಲಂತೂ ರಾಬರ್ಟ್ ಫ್ಲಾಹರ್ಟಿ ಒಬ್ಬರಿಗೊಬ್ಬರು ಸಂಬಂಧವಿಲ್ಲದವರನ್ನು ಸೇರಿಸಿ ಒಂದು ಕುಟುಂಬ ಮಾಡಿದ. ದ್ವೀಪದವರು ಎಂದೋ ಮರೆತಿದ್ದ ಶಾರ್ಕ್ ಬೇಟೆಯನ್ನು ಅವರಿಗೇ ಹೊಸದಾಗಿ ಕಲಿಸಿ ಚಿತ್ರೀಕರಿಸಿದ.

ಕೊನೆಯ ಎರಡು ಚಿತ್ರ. ಇನಿಶ್‌ಮಾನ್‌ನಲ್ಲಿ ನಾನು ಉಳಿದ ಮನೆಯ ಯಜಮಾನರಿಗೆ ಎಪ್ಪತ್ತರ ಹತ್ತಿರ. ಮನೆಯ ಹಿಂದೆ ಡಾಂಬರು ಬಳಿದ ಕ್ಯಾನ್ವಾಸಿನ ಕರಿದೋಣಿ ಬೋರಲಾಗಿತ್ತು. ಅದರ ಪಕ್ಕ ಅವರನ್ನು ನಿಲ್ಲಿಸಿದೆ. ಅವರು ತೊಟ್ಟದ್ದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಷರಾಯಿ. ಉಣ್ಣೆಯ ಸ್ವೆಟರ್ ಇದ್ದರೆ ಹಾಕಿಕೊಳ್ಳುತ್ತೀರಾ ಎಂದು ನಾನು, ಸಿಂಗ್‌ನ ಬರಹವನ್ನೆಲ್ಲ ಓದಿಕೊಂಡು ಹೋದ ನಾನು, ಕೇಳಿಯೇಬಿಟ್ಟೆ. ಅವರು ನಕ್ಕರು. ಒಳಗೆ ಅವರ ಮಡದಿ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಚಿತ್ರಗಳನ್ನು ಸರಿಸುತ್ತಿದ್ದರು. ಬಂದರಿನ ಈ ಚಿತ್ರದಲ್ಲಿ ನಿಂತರು. ನಾನು ಗುರಿಯಿಟ್ಟದ್ದು ಕಡಲಕಾಗೆಗೆ, ಅದು ಮಸುಕಾಗಿದೆ, ಅಳಿಸಬೇಕಾಗಿದ್ದ ಚಿತ್ರ. ಬಲ ಅಂಚಿನಲ್ಲಿ ಹಗ್ಗ ಹಿಡಿದ ಒಂದು ಮುಂಗೈ, ಮಡಚಿದ ತೋಳು, ಅಷ್ಟೇ. ಆಕೆ ಉಗುರಿನಿಂದ ಅದನ್ನು ತಟ್ಟಿ ಒಂದು ಹೆಸರು ಹೇಳಿದರು, ಗಂಡನನ್ನು ಕರೆದು ತೋರಿಸಿದರು. ಅವರೂ ಅದೇ ಹೆಸರು ಹೇಳಿದರು.

ಮರುದಿನ ಬೆಳಿಗ್ಗೆ ಯಜಮಾನರೇ ಬಂದು, ಈಗ ತೆಗೆಯಿರಿ ಎಂದರು. ಗಡ್ಡ ಬೋಳಿಸಿದ್ದರು. ಗಾಲ್ವೇ ಜಿಲ್ಲಾ ತಂಡದ ಮರೂನ್ ಜೆರ್ಸಿ, ಇಸ್ತ್ರಿಯ ಗೆರೆ ಮಾಸಿಲ್ಲ. ದೋಣಿಯ ಹತ್ತಿರ ಹೋಗಲಿಲ್ಲ. ಹೊಸ ಬಿಳಿ ವ್ಯಾನಿನ ಮುಂದೆ ಕೈಕಟ್ಟಿ ನಿಂತರು. ಹಿಂದೆ ವಿದ್ಯುತ್ ಕಂಬ, ನೆತ್ತಿಯ ಬಿಸಿಲು, ಮೂಗಿನ ಕೆಳಗೆ ನೆರಳು. ಇದೇ ಆ ಚಿತ್ರ, ಲೈಟ್ ಹಾಕಬೇಡಿ, ಇನ್ನೊಂದು ನಿಮಿಷ ಇರಲಿ. ನಾನು ಅವರಿಗೆ ಒಂಬತ್ತು ಚಿತ್ರ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳುಹಿಸಿದೆ. ತಲುಪಿದ್ದಕ್ಕೆ ಮಡದಿ ಉತ್ತರ ಬರೆದರು. ಇದಕ್ಕೆ ಚೌಕಟ್ಟು ಹಾಕಿಸಿದ್ದಾರಂತೆ. ಕಿತ್ತಳೆ ಷರಾಯಿಯ ಚಿತ್ರದ ಬಗ್ಗೆ ಒಂದು ಮಾತೂ ಇಲ್ಲ. ಕಡಲಕಾಗೆಯ ಮಸುಕು ಚಿತ್ರದ ಇನ್ನೊಂದು ಪ್ರತಿ ಬೇಕು, ಆ ಕೈಯವನ ತಾಯಿಗೆ ಕೊಡಬೇಕು ಎಂದು ಕೇಳಿದ್ದಾರೆ.